ಹೊರಹೋಗುವ ಬಾಗಿಲು ನಮಗೆ ಹೊಸದೇ?

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದೆಂದು 2021ರಲ್ಲಿ ಬೆಂಗಳೂರಿನ ದೊಡ್ಡವರು ಬೆನ್ನು ತಟ್ಟಿಕೊಂಡರು. ತಟ್ಟಿಕೊಂಡ ಬೆನ್ನು ಅವರದು, ಹೊರೆ ಹೊತ್ತ ಬೆನ್ನು ನಮ್ಮದು.

ಪದವಿ ನಾಲ್ಕು ವರ್ಷಕ್ಕೆ ಏರಿತು. ಒಂದಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕೂ ಮುಗಿಸಿದವನಿಗೆ ಆನರ್ಸು. ಇದಕ್ಕಿಟ್ಟ ಹೆಸರು 'ಬಹು ನಿರ್ಗಮನ'. ನೀರಮಾನ್ವಿಯ ಕೇರಿಗೆ ನಿರ್ಗಮನ ಹೊಸದೇ? ಅವ್ವ ಹಾಸಿಗೆ ಹಿಡಿದಾಗ, ಹತ್ತಿ ಬಿಡಿಸೋ ಕಾಲಕ್ಕ, ಬೆಂಗಳೂರು ಪುಣೆ ಅಂತ ಗುಳೆ ಹೊಂಟಾಗ ನಮ್ಮ ಹುಡುಗರು ಓದು ಬಿಡುತ್ತಲೇ ಬಂದಾರ. ಮೊದಲು 'ಸಾಲಿ ಬಿಟ್ಟ' ಅಂತಿದ್ರು. ನೀತಿ ಅದಕ್ಕ ಸೀಲು ಒತ್ತಿ ಕೊಟ್ಟಿತು. ಬಿಡಿಸಿದ ಬಡತನ ಹಾಗೇ ಉಳಿಯಿತು. ಬಿಟ್ಟದ್ದು ಹುಡುಗನ 'ಆಯ್ಕೆ'ಯಾಯಿತು!

ಓದಿದ್ದು 'ಕ್ರೆಡಿಟ್ ಬ್ಯಾಂಕ್'ನಲ್ಲಿ ಏಳು ವರ್ಷ ಭದ್ರವಂತೆ. ನಮ್ಮ ಅಪ್ಪಂದಿರು ಕಂಡ ಲೆಕ್ಕ ಸಾವ್ಕಾರನ ಉದ್ರಿ ಪುಸ್ತಕದ್ದು. ಗುಳೆ ಹೋದವನು ಸಾಲ ತೀರಿಸಿ ಕಾಲೇಜಿಗೆ ಹೊಳ್ಳಿ ಬರೋದು ಏಳು ವರ್ಷಕ್ಕೋ, ಏಳು ಜನ್ಮಕ್ಕೋ?

ಇಷ್ಟದ ವಿಷಯ ಆರಿಸಿಕೊಳ್ಳಿ ಅಂದರು. ಕಲಿಸುವ ಮಾಸ್ತರ ಎಲ್ಲಿ? ಸರ್ಕಾರಿ ಕಾಲೇಜುಗಳು ನಡೆದದ್ದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ವರ್ಷಗಟ್ಟಲೆ ಪಾಠ ಹೇಳಿದರೂ ಅವರು 'ಅತಿಥಿ'ಗಳೇ.

2023ರಲ್ಲಿ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಆಯೋಗ ಬಂತು. 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಇದನ್ನು ನಾವು ಒಪ್ಪುತ್ತೇವೆ. ಆದರೆ ನಾಲ್ಕರಲ್ಲಿ ಒಂದು ಕಳೆದರೆ ಹಾಸ್ಟೆಲ್ಲಿನಲ್ಲಿ ಜಾಗ ಹುಟ್ಟುತ್ತದೆಯೇ? ದೇವದುರ್ಗವನ್ನು 'ಅತ್ಯಂತ ಹಿಂದುಳಿದ ತಾಲೂಕು' ಎಂದು ನಂಜುಂಡಪ್ಪ ಸಮಿತಿ ಬರೆದದ್ದು 2002ರಲ್ಲಿ. 371(ಜೆ) ಜಾರಿಯಾದದ್ದು 2013ರಲ್ಲಿ. ನೀತಿ ಬಂತು, ನೀತಿ ಹೋಯಿತು. ಕೇರಿಯ ಹುಡುಗಿ ಇನ್ನೂ ಬಸ್ಸಿನ ದಾರಿ ಕಾಯುತ್ತಾಳೆ.

ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಅಂದು ಅದೂ ನಮ್ಮ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದ ಹಿಂದುಳಿದ ನೆಲ. ಓದು ಕಾಣದ ಜನ ಇದ್ದಲ್ಲಿಗೇ ಅವರು ಬಾಗಿಲು ತಂದರು, ಒಳಗೆ ಬರುವ ಬಾಗಿಲು.

ನಮಗೂ ಬೇಕಾದದ್ದು ಅದೇ: ಹಾಸ್ಟೆಲ್ಲು, ಕಾಯಂ ಮಾಸ್ತರರು, ಹೊತ್ತಿಗೆ ಸರಿಯಾಗಿ ವಿದ್ಯಾರ್ಥಿವೇತನ, ಕನ್ನಡದಲ್ಲಿ ಪುಸ್ತಕ. ಇವಿಲ್ಲದ ಮೂರು ವರ್ಷವೂ ಮೋಸ, ನಾಲ್ಕು ವರ್ಷವೂ ಮೋಸ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ನಿಮ್ಮೂರಲ್ಲಿ ಪಿಯುಸಿ ದಾಟಿದವರೆಷ್ಟು, ಡಿಗ್ರಿ ಮುಗಿಸಿದವರೆಷ್ಟು, ಬಿಟ್ಟವರು ಯಾಕೆ ಬಿಟ್ಟರು? ಮನೆ ಮನೆಗೆ ಹೋಗಿ ಪಟ್ಟಿ ಬರೆಯಿರಿ. ಮುಂದಿನ ನೀತಿ ಬರೆಯುವವರ ಮೇಜಿನ ಮೇಲೆ ಮೊದಲು ಆ ಪಟ್ಟಿ ಇಡೋಣ.