ಕಿವಿಯೊಳಗೆ ನೋಡದೆ ಬರೆಯುವ ಚೀಟಿ

ರಾಯಚೂರಿಗೆ ಏಮ್ಸ್ ಬೇಕೆಂಬ ಧರಣಿ ಶುರುವಾದದ್ದು 2022ರಲ್ಲಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಜಿಲ್ಲೆಯ ಕಲ್ಲೂರಿನಂಥ ಊರಿನ ಮಗುವಿನ ಸೋರುವ ಕಿವಿಗೆ ಏಮ್ಸ್ ಬೇಕಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಆಟೋಸ್ಕೋಪ್, ಅದನ್ನು ಹಿಡಿದು ಕಿವಿಯೊಳಗೆ ನೋಡುವಷ್ಟು ವ್ಯವಧಾನವಿರುವ ಡಾಕ್ಟರು ಇದ್ದರೆ ಅರ್ಧ ಕೆಲಸ ಆದಂತೆ.

ಕಿವಿ ಸೋರುವುದನ್ನು ನಮ್ಮ ಕಡೆ ಕಾಯಿಲೆ ಎಂದೇ ಎಣಿಸುವುದಿಲ್ಲ. ನೆಗಡಿಯಾದಾಗ ಸೋರುತ್ತದೆ, ದೊಡ್ಡವನಾದರೆ ನಿಲ್ಲುತ್ತದೆ ಎಂಬ ಸಮಾಧಾನ. ಅಲ್ಲಿಯವರೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನವನು ಕೊಟ್ಟ ಡ್ರಾಪ್ಸ್. ಅಪಾಯ ಇರುವುದೇ ಇಲ್ಲಿ. ಕಿವಿತಮಟೆ ತೂತಾಗಿದ್ದರೆ ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿ ಒಳಗಿವಿಗೆ ಇಳಿದು, ಕೇಳಿಸುವ ಸೂಕ್ಷ್ಮ ಕೋಶಗಳನ್ನೇ ಕೊಲ್ಲಬಹುದು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಹನಿಗೆ ಆ ಭಯವಿಲ್ಲ, ಬೆಲೆಯೂ ಹೆಚ್ಚಲ್ಲ. ಕಿವಿಯಲ್ಲಿ ಫಂಗಸ್ ಬೆಳೆದಿದ್ದರೆ ಆಂಟಿಬಯೋಟಿಕ್ ಹನಿಯಿಂದ ಅದು ಹೆಚ್ಚುವುದೇ ಜಾಸ್ತಿ. ಯಾವುದು ಯಾವುದೆಂದು ತಿಳಿಯಲು ಒಳಗೆ ನೋಡಲೇಬೇಕು.

ಹನಿಗಿಂತ ಮೊದಲಿನ ಕೆಲಸ ಕೀವು ಒಣಗಿಸುವುದು. ಶುಭ್ರವಾದ ಹತ್ತಿ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು ಮೆಲ್ಲಗೆ ಕಿವಿಯಲ್ಲಿಡಬೇಕು. ನೆನೆದೊಡನೆ ತೆಗೆದು ಇನ್ನೊಂದು ಇಡಬೇಕು, ಬತ್ತಿ ಒಣಗಿ ಬರುವ ತನಕ. ದಿನಕ್ಕೆ ಮೂರ್ನಾಲ್ಕು ಸಲ. ಕಡ್ಡಿ, ಪಿನ್ನು ಮಾತ್ರ ಬೇಡ. ಆಶಾ ಕಾರ್ಯಕರ್ತೆ ಒಮ್ಮೆ ತೋರಿಸಿಕೊಟ್ಟರೆ ಯಾವ ತಾಯಿಗೂ ಬರುತ್ತದೆ. ಹತ್ತಿ ಬೆಳೆಯುವ ಜಿಲ್ಲೆಗೆ ಇದೇನು ದುಬಾರಿ ಚಿಕಿತ್ಸೆಯೇ!

ಎಲ್ಲ ಸೋರುವ ಕಿವಿಯೂ ಇಷ್ಟಕ್ಕೇ ಮಣಿಯುವುದಿಲ್ಲ. ಕೀವು ನಾರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಕಿವಿಯ ಹಿಂದೆ ಬಾತಿದ್ದರೆ, ಬಾಯಿ ಸೊಟ್ಟಗಾದರೆ ಒಳಗೆ ಮೂಳೆ ಸವೆಯುತ್ತಿರಬಹುದು, ಸೋಂಕು ಮಿದುಳಿಗೂ ಏರಬಹುದು. ಅಂಥವರು ತಡಮಾಡದೆ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಹೋಗಬೇಕು. ಹೀಗೆ ಬೇರ್ಪಡಿಸಿ ಕಳಿಸುವುದನ್ನು ಕೆಳಹಂತದ ಸಿಬ್ಬಂದಿಗೆ ಕಲಿಸಲೆಂದೇ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮ ಇದೆ. ರಿಮ್ಸ್ ಶುರುವಾದ 2007ರಲ್ಲೇ ಅದೂ ಶುರುವಾಯಿತು. ಮಕ್ಕಳ ಶ್ರವಣದೋಷದಲ್ಲಿ ಶೇ 60ರಷ್ಟನ್ನು ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ಲೆಕ್ಕದ ವಿಷಯ. ಕಿವಿ ತಪಾಸಣೆಯ ಶಿಬಿರ ನಡೆದ ಮರುದಿನ ಸುದ್ದಿಯಾಗುವುದು ಎಷ್ಟು ಶ್ರವಣ ಸಾಧನ ಹಂಚಿದರು ಎಂಬುದು. ಆರು ತಿಂಗಳಾದ ಮೇಲೆ ಅವುಗಳಲ್ಲಿ ಎಷ್ಟು ಕಿವಿಯಲ್ಲಿವೆ, ಎಷ್ಟು ಗೂಡಿನಲ್ಲಿವೆ ಎಂದು ಕೇಳುವವರಿಲ್ಲ. ಕಿವಿಯ ಅಳತೆಗೆ ಅಚ್ಚು ಮಾಡಿಸದಿದ್ದರೆ ಸಾಧನ ಕುಂಯ್‌ಗುಡುತ್ತದೆ. ಬ್ಯಾಟರಿ ಮುಗಿದರೆ ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಅಜ್ಜ ತೆಗೆದಿಡುತ್ತಾನೆ, ಅಷ್ಟೇ. ಕಿವಿತಮಟೆಯ ಆಪರೇಷನ್ನಿನದೂ ಇದೇ ಕಥೆ. ತೂತು ಮುಚ್ಚಿತೇ, ಮೊದಲಿಗಿಂತ ಚೆನ್ನಾಗಿ ಕೇಳುತ್ತಿದೆಯೇ ಎಂದು ಕೆಲವು ತಿಂಗಳ ನಂತರ ಆಡಿಯೋಮೆಟ್ರಿ ಮಾಡಿ ನೋಡಬೇಕು. ಅಷ್ಟು ಹೊತ್ತಿಗೆ ದೇವದುರ್ಗದ ಕುಟುಂಬ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಹಾಗಾಗಿ ಆಪರೇಷನ್ನಿನ ದಿನ, ಮರುಪರೀಕ್ಷೆಯ ದಿನ ಎರಡನ್ನೂ ಗುಳೆಯ ತಿಂಗಳು ನೋಡಿಕೊಂಡೇ ಗೊತ್ತುಮಾಡಬೇಕು. ಶಾಲೆಗಳ ಆರೋಗ್ಯ ತಪಾಸಣೆಗೂ ಇದೇ ಮಾತು ಅನ್ವಯಿಸುತ್ತದೆ.

ಹುಟ್ಟಾ ಕಿವುಡಾದ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಲು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಿದೆ. ಆದರೆ ಆ ಮೇಲಿನ ಮಾತಿನ ತರಬೇತಿ ವರ್ಷಗಟ್ಟಲೆ ನಡೆಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಂದ ಸುಮಾರು 500 ಕಿ.ಮೀ. ದೂರ, ಕೂಲಿ ಬಿಟ್ಟು ಮತ್ತೆ ಮತ್ತೆ ಅಲ್ಲಿಗೆ ಹೋಗಬಲ್ಲ ಪಾಲಕರು ಎಷ್ಟು ಮಂದಿ?

ಜಿಲ್ಲಾ ಆರೋಗ್ಯ ಇಲಾಖೆ ಮಾನ್ವಿ, ಸಿರವಾರ, ದೇವದುರ್ಗ ತಾಲ್ಲೂಕುಗಳಿಂದಲೇ ಆರಂಭಿಸಲಿ. ಪ್ರತಿ ಆರೋಗ್ಯ ಕೇಂದ್ರದಲ್ಲೂ ಆಟೋಸ್ಕೋಪ್ ಇಡಲಿ. ಎಷ್ಟು ಆಪರೇಷನ್ ಆಯಿತು ಎಂಬುದರ ಪಕ್ಕದಲ್ಲೇ ಎಷ್ಟು ಮಂದಿಗೆ ಕಿವಿ ಕೇಳಿಸಿತು ಎಂಬುದನ್ನೂ ಪ್ರತಿ ವರ್ಷ ಪ್ರಕಟಿಸಲಿ.