ಕುದುರೆಯ ಹಿಂಗಾಲು ಸೋಲುವುದೇಕೆ?

2021ರ ಫೆಬ್ರುವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಜಿಗಿತದ ಸ್ಪರ್ಧೆಗೆಂದು ಸೇರಿದ್ದ ಕುದುರೆಗಳಿಗೆ ಜ್ವರ ಬಂತು. ಬಳಿಕ ಕೆಲವುಗಳ ಹಿಂಗಾಲು ತೊಡರತೊಡಗಿದವು, ಬಾಲ ಜೋತುಬಿತ್ತು, ಮೂತ್ರ ತಾನಾಗಿ ತೊಟ್ಟಿಕ್ಕಿತು. ಊರಿಗೆ ಮರಳಿದ ಕುದುರೆಗಳ ಜೊತೆ ಸೋಂಕು ಬೇರೆ ದೇಶಗಳಿಗೂ ಹೋಗಿ ಒಟ್ಟು 18 ಕುದುರೆಗಳು ಸತ್ತವು. ಯುರೋಪಿನಲ್ಲಿ ವಾರಗಟ್ಟಲೆ ಸ್ಪರ್ಧೆಗಳೇ ನಿಂತವು.

ಕಾರಣ ಇಎಚ್‌ವಿ-1 ಎಂಬ ಹರ್ಪಿಸ್ ವೈರಸ್. ಇದು ಅಪರೂಪದ್ದೇನಲ್ಲ. ಹೆಚ್ಚಿನ ಕುದುರೆಗಳಿಗೆ ಮರಿಯಾಗಿದ್ದಾಗಲೇ ಅಂಟಿ, ಜೀವನಪೂರ್ತಿ ಮೈಯಲ್ಲೇ ಅಡಗಿರುತ್ತದೆ. ದೂರ ಪ್ರಯಾಣ, ಆಯಾಸಗಳಾದರೆ ಏಳುತ್ತದೆ. ಬಹುಪಾಲು ನೆಗಡಿ-ಜ್ವರದಲ್ಲೇ ಮುಗಿಯುತ್ತದೆ, ಗಬ್ಬದ ಕುದುರೆಗಳಲ್ಲಿ ಗರ್ಭಪಾತವೂ ಆಗಬಹುದು.

ಕಾಲು ಸೋತಿತೆಂದರೆ ವೈರಸ್ ನರವನ್ನೇ ತಿಂದುಹಾಕಿತು ಎಂದುಕೊಳ್ಳುವುದು ಸಹಜ. ಆದರೆ ಏಟು ಬೀಳುವುದು ಮುಖ್ಯವಾಗಿ ರಕ್ತನಾಳಕ್ಕೆ. ಮೂಗಿನ ಒಳಪದರದಲ್ಲಿ ಹೆಚ್ಚಿಕೊಂಡ ವೈರಸ್ ಬಿಳಿ ರಕ್ತಕಣಗಳ ಒಳಹೊಕ್ಕು ಅವುಗಳ ಜೊತೆ ಮೈಯೆಲ್ಲ ಸುತ್ತುತ್ತದೆ. ಬೆನ್ನುಹುರಿಯ ಸಣ್ಣ ನಾಳಗಳ ಗೋಡೆಗೆ ದಾಟಿದರೆ ಅಲ್ಲಿ ಉರಿಯೂತವಾಗಿ ರಕ್ತ ಹೆಪ್ಪುಗಟ್ಟುತ್ತದೆ. ಆ ನಾಳವನ್ನೇ ನಂಬಿದ್ದ ನರಭಾಗ ಆಮ್ಲಜನಕವಿಲ್ಲದೆ ಸೊರಗುತ್ತದೆ. ನಮ್ಮ ಪಾರ್ಶ್ವವಾಯುವಿಗೆ ಹತ್ತಿರದ ಸಂಗತಿ ಇದು.

ಹಾಗಾದರೆ ಕುದುರೆಯ ರೋಗನಿರೋಧಕ ವ್ಯವಸ್ಥೆ ಏನು ಮಾಡುತ್ತಿರುತ್ತದೆ? ಪ್ರತಿಕಾಯಗಳು ರಕ್ತದಲ್ಲಿ ಬಿಡಿಯಾಗಿರುವ ವೈರಸ್ಸನ್ನು ಹಿಡಿಯಬಲ್ಲವು, ಕಣದೊಳಗೆ ಕೂತದ್ದನ್ನಲ್ಲ. ಆ ಕೆಲಸ ಸೋಂಕಿತ ಕಣವನ್ನೇ ಗುರುತಿಸಿ ಕೊಲ್ಲುವ ಟಿ-ಕಣಗಳದ್ದು. ಅವು ಗುರುತು ಹಿಡಿಯುವುದು ಕಣದ ಹೊರಮೈಯಲ್ಲಿ ಕಾಣುವ ಪ್ರೋಟೀನಿನ ಚೂರುಗಳಿಂದ. ಈ ವೈರಸ್ ಆ ಚೂರುಗಳು ಹೊರಮೈಗೆ ಬರುವುದನ್ನೇ ತಡೆಯುತ್ತದೆ. ಇದರ ಜಾಣತನಕ್ಕೆ ತಲೆದೂಗಲೇಬೇಕು! ಪ್ರಯೋಗಗಳಲ್ಲಿ ಇಂಥ ಟಿ-ಕಣಗಳು ಹೆಚ್ಚಿದ್ದ ಕುದುರೆಗಳೇ ಚೆನ್ನಾಗಿ ತಡೆದುಕೊಂಡಿವೆ. ಇನ್ನು ಕಾಲು ಸೋಲುವ ಈ ನರರೋಗ ಮರಿಗಳಿಗಿಂತ ವಯಸ್ಸಾದ ಕುದುರೆಗಳಲ್ಲೇ ಹೆಚ್ಚು.

ಈಗಿನ ಲಸಿಕೆಗಳು ಪ್ರತಿಕಾಯ ಹೆಚ್ಚಿಸುತ್ತವೆ, ಮೂಗಿನಿಂದ ವೈರಸ್ ಸುರಿಯುವುದನ್ನು ತಗ್ಗಿಸುತ್ತವೆ. ಲಾಯದಲ್ಲಿ ಹರಡುವುದು ಕಡಿಮೆಯಾಗುವುದರಿಂದ ಹಾಕಿಸುವುದೇ ಸರಿ. ಆದರೆ ನರರೋಗ ತಡೆಯುತ್ತೇನೆಂದು ಯಾವ ಲಸಿಕೆಯೂ ಭರವಸೆ ಕೊಡುವುದಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ನಂಬಬೇಕಾದ್ದು ಥರ್ಮಾಮೀಟರನ್ನು. ಜ್ವರ ಬಂದು ಕೆಲವು ದಿನ ಕಳೆದ ಮೇಲಷ್ಟೇ ಕಾಲು ಸೋಲುವುದರಿಂದ, ಆ ನಡುವಿನ ದಿನಗಳೇ ನಮಗಿರುವ ಅವಕಾಶ.

ಆದ್ದರಿಂದ ಕುದುರೆ ಸಾಕುವವರು ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕುದುರೆಯನ್ನು ಬೇರೆ ಕಟ್ಟಿ, ಮೂಗಿನ ದ್ರವ ಮತ್ತು ರಕ್ತದ ಪಿಸಿಆರ್ ಪರೀಕ್ಷೆಗೆ ವೈದ್ಯರನ್ನು ಕರೆಯಿರಿ. ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಕೈ, ಬಟ್ಟೆ, ನೀರಿನ ಬಕೆಟ್ಟುಗಳ ಮೂಲಕ ಪಕ್ಕದ ಕುದುರೆಗೆ ದಾಟುತ್ತದೆ.