ಗರಡಿಯೋ ಗಾಣವೋ

ವೈಟ್‌ರನ್ ಊರಿನ ಹೆಬ್ಬಾಗಿಲು ದಾಟಿದೊಡನೆ ಸಿಗುವುದೇ ಕುಲುಮೆ. ಆಕಾಶದಲ್ಲಿ ಡ್ರ್ಯಾಗನ್‌ಗಳು ಹಾರಾಡುತ್ತಿವೆ, ಜನ ದಿಕ್ಕೆಟ್ಟು ಓಡುತ್ತಿದ್ದಾರೆ, ಆ ಡ್ರ್ಯಾಗನ್‌ಗಳ ಕಥೆ ಮುಗಿಸಬಲ್ಲವನು ನಾಡಿಗೆಲ್ಲ ಒಬ್ಬನೇ. ಆ ಒಬ್ಬ ವೀರ ಎಲ್ಲಿದ್ದಾನೆ? ಕುಲುಮೆಯ ಮುಂದೆ ನಿಂತು ಕಬ್ಬಿಣದ ಚೂರಿ ಬಡಿಯುತ್ತಿದ್ದಾನೆ. ಒಂದಲ್ಲ, ಹತ್ತಲ್ಲ, ನೂರಾರು. ಅಷ್ಟು ಚೂರಿ ಊರಿಗೂ ಬೇಕಿಲ್ಲ, ಅವನಿಗೂ ಬೇಕಿಲ್ಲ.

2011ರ ನವೆಂಬರ್‌ನಲ್ಲಿ ಬೆಥೆಸ್ಡಾ ಕಂಪನಿ ಹೊರತಂದ ‘ಸ್ಕೈರಿಮ್’ ಆಟವನ್ನು ಆ ದಿನಗಳಲ್ಲೇ ಆಡಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಆಟದಲ್ಲಿ 18 ವಿದ್ಯೆಗಳಿವೆ. ಯಾವುದನ್ನು ಬಳಸಿದರೆ ಅದು ಬೆಳೆಯುತ್ತದೆ: ಕತ್ತಿ ಬೀಸಿದಷ್ಟೂ ಕತ್ತಿವರಸೆ, ಬಾಗಿ ನಡೆದಷ್ಟೂ ಕಳ್ಳಹೆಜ್ಜೆ, ಸುತ್ತಿಗೆ ಹಿಡಿದಷ್ಟೂ ಕಮ್ಮಾರಿಕೆ. ಕೇಳಲು ಎಷ್ಟು ನ್ಯಾಯವಾದ ಏರ್ಪಾಡು! ಆದರೆ ದುಬಾರಿ ಕವಚ ಮಾಡುವುದಕ್ಕಿಂತ ಒಂದು ಕಬ್ಬಿಣದ ಗಟ್ಟಿ, ಒಂದು ತೊಗಲಿನ ಪಟ್ಟಿ ಸಾಕಾಗುವ ಚೂರಿಯನ್ನೇ ಮತ್ತೆ ಮತ್ತೆ ಬಡಿಯುವುದು ಲಾಭದ ಬಾಬತ್ತು ಎಂದು ಆಟಗಾರರು ಬೇಗನೆ ಕಂಡುಕೊಂಡರು. ಚೂರಿಯ ಮೇಲೆ ಚೂರಿ ಬಡಿದೇ ಡ್ರ್ಯಾಗನ್ ಮೂಳೆಯ ಕವಚ ಮಾಡುವ ಪಾಂಡಿತ್ಯ ದಕ್ಕಿಸಿಕೊಂಡವರು ಎಷ್ಟೋ ಮಂದಿ. ಕೊನೆಗೆ 2012ರಲ್ಲಿ ಕಂಪನಿ 1.5 ಎಂಬ ಪ್ಯಾಚ್‌ನಲ್ಲಿ ಲೆಕ್ಕವನ್ನೇ ತಿದ್ದಿತು. ಮಾಡಿದ ವಸ್ತುವಿನ ಬೆಲೆ ಎಷ್ಟೋ ಅದಕ್ಕೆ ತಕ್ಕಷ್ಟೇ ಅನುಭವ. ಚೂರಿಯ ಕಾಲ ಮುಗಿಯಿತು.

ಸಾಹಸಿಯನ್ನು ಬಲಿಷ್ಠನನ್ನಾಗಿ ಬೆಳೆಸುವ ಆಟಗಳಲ್ಲಿ ಹೀಗೆ ಒಂದೇ ಕೆಲಸವನ್ನು ಸಾವಿರ ಸಲ ಮಾಡುವುದಕ್ಕೆ ಆಟಗಾರರು ಗ್ರೈಂಡ್ ಎನ್ನುತ್ತಾರೆ. ಅರೆಯುವುದು. ಗರಡಿಮನೆಯಲ್ಲೂ ಅದೇ ಸಾಮನ್ನು ಸಾವಿರ ಸಲ ಮಾಡುತ್ತಾರೆ, ಗಾಣದಲ್ಲೂ ಎತ್ತು ಅದೇ ಸುತ್ತನ್ನು ಸಾವಿರ ಸಲ ತಿರುಗುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಸಂಜೆಗೆ ಗರಡಿಯವನ ಮೈಯಲ್ಲಿ ಏನೋ ಉಳಿದಿರುತ್ತದೆ. ಎತ್ತಿಗೆ ಉಳಿಯುವುದು ಬಳಲಿಕೆ, ಎಣ್ಣೆ ಇನ್ನೊಬ್ಬರ ಪಾಲು. ಮಗ ನಾಲ್ಕು ಗಂಟೆ ಆಟ ಆಡಿದ ಎಂದು ಗದರುವ ಅಪ್ಪ ಅಮ್ಮಂದಿರು ಗಂಟೆ ಎಣಿಸುತ್ತಾರೆಯೇ ಹೊರತು, ಆ ನಾಲ್ಕು ಗಂಟೆ ಅವನು ಗರಡಿಯಲ್ಲಿದ್ದನೋ ಗಾಣದಲ್ಲಿದ್ದನೋ ಎಂದು ವಿಚಾರಿಸುವುದಿಲ್ಲ. ವಿಚಾರಿಸಬೇಕಾದದ್ದು ಅದನ್ನೇ.

ಆಟದ ನಿಯಮ ಯಾವುದಕ್ಕೆ ಅಂಕ ಕೊಡುತ್ತದೋ ಆಟಗಾರ ಅದನ್ನೇ ಕಲಿಯುತ್ತಾನೆ. ಈ ಮಾತು ಕಂಪ್ಯೂಟರ್ ಆಟಗಳಿಗಷ್ಟೇ ಸೇರಿದ್ದಲ್ಲ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪೆಟ್ಟಿಗೆ ಹೊರಬಿತ್ತು. ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟ. ಶಕ್ತಿ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳು, ಅನುಭವಾಂಕ, ಲೆವೆಲ್ ಇವೆಲ್ಲ ಹಂಚಿಹೋದದ್ದು ಅಲ್ಲಿಂದಲೇ. ಆ ಹಳೆಯ ನಿಯಮದಲ್ಲಿ ಒಂದು ಸ್ವಾರಸ್ಯವಿತ್ತು. ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅನುಭವಾಂಕ. ಹಾಗಾಗಿ ರಾಕ್ಷಸ ಮಲಗಿದ್ದಾಗ ಸದ್ದಿಲ್ಲದೆ ಕೊಪ್ಪರಿಗೆ ಎತ್ತಿಕೊಂಡು ಬಂದವನೇ ಜಾಣ. ಎಲ್ಲರ ಮೇಲೂ ಕತ್ತಿ ಎತ್ತಿದವನು ಬೇಗ ಸಾಯುತ್ತಿದ್ದ. ಮುಂದೆ ಬಂದ ಬಹುಪಾಲು ವಿಡಿಯೊ ಗೇಮ್‌ಗಳು ಈ ಚಿನ್ನದ ನಿಯಮ ಬಿಟ್ಟು ಮುಖ್ಯವಾಗಿ ಕೊಂದದ್ದಕ್ಕೆ ಅಂಕ ಎಂದವು. ಆಟಗಾರರೂ ಕೊಲ್ಲುತ್ತಾ ಹೋದರು.

ಜಪಾನಿನಲ್ಲಿ 1986ರ ಮೇ 27ರಂದು ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಇದರ ದೊಡ್ಡ ಪಾಠಶಾಲೆ. ರೂಪಿಸಿದವರು ಯೂಜಿ ಹೋರಿಯಿ, ರಾಕ್ಷಸರ ಚಿತ್ರ ಬರೆದವರು ಅಕಿರಾ ತೊರಿಯಾಮಾ. ಊರಾಚೆ ಕಾಲಿಟ್ಟರೆ ಎದುರಾಗುವುದು ನೀರಹನಿಯಂಥ, ನಗುಮೊಗದ ಸ್ಲೈಮ್. ಕೊಂದರೆ ಸಿಗುವುದು ಒಂದೇ ಒಂದು ಅನುಭವಾಂಕ. ಎರಡನೆಯ ಲೆವೆಲ್‌ಗೆ ಬೇಕಾದದ್ದು ಏಳು. ಹೋಗಿ ಹೊಡೆ, ಛತ್ರಕ್ಕೆ ಬಂದು ಮಲಗು, ಮತ್ತೆ ಹೋಗಿ ಹೊಡೆ. ಇದು ಗಾಣವೇ. ಆದರೂ ಇದನ್ನು ಬೈಯಲು ಮನಸ್ಸು ಬಾರದು. ಸತ್ತರೆ ಅರ್ಧ ಹಣ ಹೋಗುತ್ತಿತ್ತು, ಗಳಿಸಿದ ಅನುಭವ ಮಾತ್ರ ಹಾಗೇ ಉಳಿಯುತ್ತಿತ್ತು. ಬೆರಳಿನ ಚುರುಕು ಇಲ್ಲದ ಮಗುವೂ ತಾಳ್ಮೆಯೊಂದಿದ್ದರೆ ಕೊನೆ ಮುಟ್ಟಬಹುದಿತ್ತು. ಅಂದಿನ ಬಹುತೇಕ ಆಟಗಳು ಕೈಚಳಕ ಇಲ್ಲದವರನ್ನು ಮೂರೇ ನಿಮಿಷದಲ್ಲಿ ಹೊರದೂಡುತ್ತಿದ್ದವು ಎಂಬುದನ್ನು ನೆನೆದರೆ ಇದೊಂದು ಕರುಣೆ.

ಎರಡೇ ವರ್ಷಕ್ಕೆ, 1988ರಲ್ಲಿ, ‘ಫೈನಲ್ ಫ್ಯಾಂಟಸಿ 2’ ಬೇರೆ ದಾರಿ ಹಿಡಿಯಿತು. ಲೆವೆಲ್ಲೇ ಬೇಡ, ಬಳಸಿದ್ದು ಬೆಳೆಯಲಿ, ಪೆಟ್ಟು ತಿಂದವನ ಪ್ರಾಣಬಲ ಹೆಚ್ಚಲಿ ಎಂಬುದು ಅದರ ತತ್ವ. ಅನುಭವಿಸಿ ಗಟ್ಟಿಯಾಗುವುದು ಎಂದರೆ ಅದೇ ತಾನೇ? ಆಟಗಾರರು ಏನು ಮಾಡಿದರು ಗೊತ್ತೇ? ಬಡಪಾಯಿ ಶತ್ರುವೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ತಮ್ಮ ತಂಡದವರನ್ನೇ ತಾವು ಚಚ್ಚಿದರು. ನಾಡು ಉಳಿಸಲು ಹೊರಟ ಗೆಳೆಯರು ಒಬ್ಬರನ್ನೊಬ್ಬರು ಹೊಡೆದುಕೊಳ್ಳುತ್ತಾ ನಿಂತಿದ್ದರೆ ಎದುರಾಳಿಗೆ ಏನನ್ನಿಸಿರಬೇಡ!

ಲೆಕ್ಕ ತಪ್ಪಿದರೆ ಆಟ ಎಷ್ಟು ವಿಚಿತ್ರವಾಗುತ್ತದೆ ಎಂಬುದಕ್ಕೆ 2006ರ ‘ಒಬ್ಲಿವಿಯನ್’ಗಿಂತ ದೊಡ್ಡ ಸಾಕ್ಷಿ ಸಿಗದು. ಸ್ಕೈರಿಮ್‌ಗೂ ಮೊದಲು ಅದೇ ಕಂಪನಿಯಿಂದ ಬಂದ ಈ ಆಟದಲ್ಲಿ 21 ವಿದ್ಯೆಗಳು. ಆರಂಭದಲ್ಲೇ ಏಳನ್ನು ಮುಖ್ಯವೆಂದು ಆರಿಸಿಕೊಳ್ಳಬೇಕು. ಆ ಏಳರಲ್ಲಿ ಒಟ್ಟು ಹತ್ತು ಹೆಜ್ಜೆ ಏರಿ, ಹಾಸಿಗೆ ಹುಡುಕಿ ಮಲಗಿದರೆ ಲೆವೆಲ್ ಏರುತ್ತದೆ. ಆಗ ಮೂರು ಗುಣಗಳನ್ನು ಹೆಚ್ಚಿಸಿಕೊಳ್ಳಬಹುದು. ಆ ಗುಣಕ್ಕೆ ಸೇರಿದ ವಿದ್ಯೆಗಳನ್ನು ಆ ಅವಧಿಯಲ್ಲಿ ಹತ್ತು ಸಲ ಏರಿಸಿದ್ದರೆ ಮಾತ್ರ ಐದು ಅಂಕ, ಇಲ್ಲವಾದರೆ ಕಡಿಮೆ. ಇತ್ತ ನಾಯಕನ ಲೆವೆಲ್ ಏರಿದಂತೆಲ್ಲ ಲೋಕದ ಶತ್ರುಗಳೂ ಬೆಳೆಯುತ್ತಾರೆ. ಎಂದರೆ, ಮನಸ್ಸಿಗೆ ಬಂದಂತೆ ಖುಷಿಯಿಂದ ಆಡಿದವನ ಬಲ ಕುಂಟುತ್ತಾ ಬೆಳೆಯಿತು, ಅವನ ಶತ್ರುಗಳು ದಾಪುಗಾಲು ಹಾಕಿದರು. ಲೆವೆಲ್ ಏರಿದಷ್ಟೂ ನಾಯಕ ದುರ್ಬಲನಾಗುವ ಆಟ!

ಆದ್ದರಿಂದ ಬುದ್ಧಿವಂತರು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಂತೆ ಬರೆದುಕೊಂಡರು: ಈ ಸಲ ಇಷ್ಟು ಏಟು ತಿಂದದ್ದಾಯಿತು, ಇಷ್ಟು ಕವಚ ರಿಪೇರಿ ಆಯಿತು, ಇನ್ನು ಮಲಗಬಹುದು. ತಾವು ಬಳಸದ ವಿದ್ಯೆಗಳನ್ನೇ ಮುಖ್ಯವೆಂದು ಆರಿಸಿಕೊಂಡವರಿದ್ದರು. ಮಲಗುವುದನ್ನೇ ಬಿಟ್ಟು ಕೆಳಗಿನ ಲೆವೆಲ್‌ನಲ್ಲೇ ಉಳಿದು ಆರಾಮಾಗಿ ಗೆದ್ದವರೂ ಇದ್ದರು. ಎಲ್ಲಕ್ಕಿಂತ ತಮಾಷೆ ದಾರಿಗಳ್ಳರದು. ನಾಯಕ ದೊಡ್ಡವನಾಗುವ ಹೊತ್ತಿಗೆ ಅವರೂ ಬೆಲೆಬಾಳುವ ಗಾಜಿನ ಕವಚ ತೊಟ್ಟು, ಅದನ್ನು ಮಾರಿದರೆ ಜೀವನಪೂರ್ತಿ ಕೂತು ಉಣ್ಣಬಹುದಾದವರು, ಹಾದಿಗೆ ಅಡ್ಡ ನಿಂತು ನೂರು ನಾಣ್ಯ ಕೇಳುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಈ ಆಟವನ್ನು ಹೊಸದಾಗಿ ಮಾಡಿ ಬಿಟ್ಟಾಗ ಆ ಲೆಕ್ಕದ ಪುಸ್ತಕಕ್ಕೆ ಮುಕ್ತಿ ಸಿಕ್ಕಿತು: ಎಲ್ಲ ವಿದ್ಯೆಗಳೂ ಲೆವೆಲ್‌ಗೆ ಸಲ್ಲುತ್ತವೆ, ಪ್ರತಿ ಲೆವೆಲ್‌ಗೂ 12 ಅಂಕ, ಇಷ್ಟವಾದ ಗುಣಗಳಿಗೆ ಹಂಚಿಕೊಳ್ಳಿ. ಹತ್ತೊಂಬತ್ತು ವರ್ಷ ತಡವಾದರೂ ತಪ್ಪೊಪ್ಪಿಗೆಯೇ.

ಗಾಣವೇ ಇಷ್ಟ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 2001ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ರೂನ್‌ಸ್ಕೇಪ್’ ಆಟದಲ್ಲಿ ಮರ ಕಡಿಯುವ, ಮೀನು ಹಿಡಿಯುವ, ಅಡುಗೆ ಮಾಡುವ ವಿದ್ಯೆಯನ್ನು 99ನೇ ಲೆವೆಲ್‌ಗೆ ಒಯ್ಯಲು 1,30,34,431 ಅನುಭವಾಂಕ ಬೇಕು. ಅದರ ಅರ್ಧ ದಾರಿ ಎಲ್ಲಿ ಬರುತ್ತದೆ? ಐವತ್ತರಲ್ಲಲ್ಲ, ತೊಂಬತ್ತೆರಡರಲ್ಲಿ. ಬೆಟ್ಟ ಹತ್ತಿ ಗುಡಿಯ ಗೋಪುರ ಕಂಡ ಮೇಲೆ ಇನ್ನೂ ಅಷ್ಟೇ ಮೆಟ್ಟಿಲು ಉಳಿದಿವೆ ಎಂದಂತೆ. ಆದರೂ ಜನ ಹತ್ತುತ್ತಾರೆ. ದಿನವಿಡೀ ದುಡಿದು ಬಂದು, ಒಂದು ಕಿವಿಯಲ್ಲಿ ಹಾಡು ಕೇಳುತ್ತಾ, ಪರದೆಯ ಮೇಲಿನ ಕೆರೆಯಲ್ಲಿ ಗಾಳ ಹಾಕಿ ಕೂರುವುದು ಅವರಿಗೆ ಜಪಮಾಲೆ ಎಣಿಸಿದಂತೆ. ಗಾಣ ಎಂದು ತಿಳಿದೇ ತಿರುಗುವವರಿಗೆ ಉಪದೇಶ ಬೇಡ.

ಜಗಳ ಶುರುವಾಗುವುದು ಗಾಣದ ಯಜಮಾನ ಎತ್ತಿನ ಮುಂದೆ ರಸೀದಿ ಪುಸ್ತಕ ಹಿಡಿದಾಗ. ಯೂಬಿಸಾಫ್ಟ್ ಕಂಪನಿ 2018ರಲ್ಲಿ ಪ್ರಾಚೀನ ಗ್ರೀಸ್ ಹಿನ್ನೆಲೆಯ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಮಾರಿತು. ಪೂರ್ತಿ ಬೆಲೆ ತೆತ್ತು ಕೊಂಡವರಿಗೆ ಆಟದೊಳಗಿನ ಅಂಗಡಿಯಲ್ಲಿ ಇನ್ನೊಂದು ಸರಕು ಕಾದಿತ್ತು: ಮತ್ತಷ್ಟು ಹಣ ಕೊಟ್ಟರೆ ಇನ್ನು ಮುಂದೆ ಅನುಭವಾಂಕ ಶೇ 50ರಷ್ಟು ಹೆಚ್ಚು. ಕಥೆ ಮುಂದುವರಿಯಲು ಇಂತಿಷ್ಟು ಲೆವೆಲ್ ಬೇಕೆಂಬ ಬೇಲಿಯನ್ನು ಹಾಕಿದವರೂ ಅವರೇ, ಬೇಲಿ ಬೇಗ ದಾಟಿಸುವ ಏಣಿ ಮಾರಿದವರೂ ಅವರೇ. ಹಣ ಕೊಟ್ಟು ತಪ್ಪಿಸಿಕೊಳ್ಳುವಂಥದ್ದು ಎಂದರೆ ಆ ಭಾಗದಲ್ಲಿ ಆಟವೇ ಇಲ್ಲ ಎಂದು ಮಾರುವವರೇ ಒಪ್ಪಿಕೊಂಡಂತಾಯಿತು. ಒಳ್ಳೆಯ ಹೋಟೆಲಿನವರು ಬೇಗ ಉಂಡು ಮುಗಿಸಲು ಪ್ರತ್ಯೇಕ ದರ ಇಡುವುದಿಲ್ಲ.

2022ರ ಜೂನ್‌ನಲ್ಲಿ ಮೊಬೈಲಿಗೆ ಬಂದ ‘ಡಯಾಬ್ಲೊ ಇಮ್ಮಾರ್ಟಲ್’ ಇನ್ನೂ ಮುಂದೆ ಹೋಯಿತು. ಅಲ್ಲಿ ನಾಯಕನ ಬಲದ ದೊಡ್ಡ ಪಾಲು ಅಡಗಿರುವುದು ಅಪರೂಪದ ಹರಳುಗಳಲ್ಲಿ. ಹಣ ಸುರಿದವರಿಗೆ ಅವು ಸಿಗುವ ಸಂಭವ ಹೆಚ್ಚು. ಅದೃಷ್ಟದ ಪೆಟ್ಟಿಗೆಗಳ ಮೇಲಿನ ಕಾನೂನಿನ ಬಿಗಿಯಿಂದಾಗಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಅದು ಬಿಡುಗಡೆಯಾಗಲೇ ಇಲ್ಲ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ: 2017ರ ‘ಶ್ಯಾಡೋ ಆಫ್ ವಾರ್’ ತಯಾರಕರು ಆಟದೊಳಗಿನ ಮಾರುಕಟ್ಟೆಯನ್ನು ಮರುವರ್ಷ ತಾವೇ ಕಿತ್ತುಹಾಕಿದರು. ಸೈನಿಕರನ್ನು ಹಣಕ್ಕೆ ಕೊಳ್ಳುವ ದಾರಿ ಇದ್ದದ್ದರಿಂದ ಅವರನ್ನು ಹೋರಾಡಿ ಗೆದ್ದುಕೊಳ್ಳುವ ಸೊಗಸೇ ಸೊರಗಿತು ಎಂದು ಒಪ್ಪಿಕೊಂಡರು. ನಮ್ಮಲ್ಲಿ 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗುರಿ ಹಣ ಪಣಕ್ಕಿಡುವ ಆಟಗಳು. ಆಟದೊಳಗೆ ಬಲ ಮಾರುವ ಅಂಗಡಿಯ ಬಗ್ಗೆ ಎಚ್ಚರ ವಹಿಸಬೇಕಾದವರು ಫೋನಿಗೆ ಯುಪಿಐ ಜೋಡಿಸಿಕೊಟ್ಟ ಮನೆಯವರೇ.

ಹಾಗಾದರೆ ಗರಡಿ ಯಾವುದು? 2022ರ ಫೆಬ್ರುವರಿಯಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ತಂದ ‘ಎಲ್ಡನ್ ರಿಂಗ್’ ಒಳಹೊಕ್ಕವರನ್ನು ಕೇಳಬೇಕು. ಶತ್ರುಗಳನ್ನು ಕೊಂದರೆ ರೂನ್‌ಗಳು ಸಿಗುತ್ತವೆ, ಅವನ್ನು ಕೊಟ್ಟು ಎಂಟು ಗುಣಗಳಲ್ಲಿ ಒಂದನ್ನು ಏರಿಸಿಕೊಳ್ಳಬಹುದು. ಸತ್ತರೆ ಖರ್ಚು ಮಾಡದೆ ಉಳಿದದ್ದೆಲ್ಲ ಸತ್ತ ಜಾಗದಲ್ಲೇ ಚೆಲ್ಲುತ್ತದೆ. ಅಲ್ಲಿಗೆ ತಲುಪುವ ಮುನ್ನ ಮತ್ತೊಮ್ಮೆ ಸತ್ತರೆ ಅದು ಹೋಯಿತೆಂದೇ. ಹೊಸಬರು ಗಳಿಸಿದ್ದನ್ನೆಲ್ಲ ಕತ್ತಿಯ ಏಟು ಹೆಚ್ಚಿಸಲು ಸುರಿಯುತ್ತಾರೆ. ಹಳಬರು ಅವರಿಗೆ ಹೇಳುವುದು ಒಂದೇ ಮಾತು: ಮೊದಲು ವಿಗರ್ ಏರಿಸು. ಎಂದರೆ ಪ್ರಾಣಬಲ. ವಿಗರ್ ಹತ್ತಿದ್ದಾಗ ಜೀವ 414, ನಲವತ್ತಕ್ಕೆ 1,450, ಅರವತ್ತಕ್ಕೆ 1,900. ಅಲ್ಲಿಂದಾಚೆಗೆ ತೊಂಬತ್ತೊಂಬತ್ತರವರೆಗೆ ಬೆವರು ಸುರಿಸಿದರೂ ದಕ್ಕುವುದು 2,100 ಮಾತ್ರ. ಎಲ್ಲಿ ನಿಲ್ಲಿಸಬೇಕೆಂಬುದೂ ಇಲ್ಲಿ ಒಂದು ವಿದ್ಯೆ. ಮೊದಲ ಅರವತ್ತು ಅಂಕ ಎಲ್ಲರೂ ಹಾಕಲಿ, ಮುಂದಿನದು ಬರೀ ದುಂದು.

ಆದರೂ ಈ ಆಟದಲ್ಲಿ ಸಂಖ್ಯೆ ಒಂದು ಮಟ್ಟದವರೆಗಷ್ಟೇ ಕೈಹಿಡಿಯುತ್ತದೆ. 2024ರ ಜೂನ್‌ನಲ್ಲಿ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎಂಬ ವಿಸ್ತರಣೆ ಬಂದಾಗ ನೂರೈವತ್ತು, ಇನ್ನೂರು ಲೆವೆಲ್‌ನ ಸರದಾರರು ಮೀಸೆ ತಿರುವುತ್ತಾ ಹೊಸ ನಾಡಿಗೆ ಕಾಲಿಟ್ಟರು, ಮೊದಲ ತಿರುವಿನಲ್ಲೇ ನೆಲ ಕಚ್ಚಿದರು. ಆ ನಾಡಿನಲ್ಲಿ ಬಲ ಬೇಕಾದರೆ ಅಲ್ಲಿನ ಮೂಲೆಮೂಲೆ ಸುತ್ತಿ ಮರದ ಚೂರುಗಳನ್ನು ಹುಡುಕಿ ತರಬೇಕಿತ್ತು. ಹಳೆಯ ಲೆವೆಲ್‌ನ ಜಂಬ ಅಲ್ಲಿ ಹೆಚ್ಚು ನಡೆಯದು. ಗೊಣಗಾಟ ಎದ್ದಿತು. ವಾರ ಕಳೆಯುವಷ್ಟರಲ್ಲಿ ಕಂಪನಿ ಆರಂಭದ ಚೂರುಗಳ ಫಲವನ್ನು ತುಸು ಹೆಚ್ಚಿಸಿತು. ಸುತ್ತಾಟವನ್ನು ಮಾತ್ರ ರದ್ದು ಮಾಡಲಿಲ್ಲ.

ಇದೇ ಆಟದಲ್ಲಿ ರೆಚ್ ಎಂಬ ಪಾತ್ರವಿದೆ. ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲ, ಕೈಯಲ್ಲಿ ಒಂದು ದೊಣ್ಣೆ, ಎಂಟು ಗುಣಗಳೂ ಹತ್ತು ಹತ್ತು, ಲೆವೆಲ್ ಒಂದು. ಒಂದೇ ಒಂದು ರೂನನ್ನೂ ಲೆವೆಲ್‌ಗೆ ಖರ್ಚು ಮಾಡದೆ, ಈ ಬಡವನನ್ನು ಹಾಗೇ ಇಟ್ಟುಕೊಂಡು ಆಟ ಮುಗಿಸಿದವರು ಇದ್ದಾರೆ. ಆಯುಧವನ್ನು ಹದಗೊಳಿಸಿಕೊಳ್ಳುತ್ತಾರೆ, ಅಷ್ಟೇ. ಅವರ ನಾಯಕ ಮೊದಲ ದಿನ ಎಷ್ಟು ಬಲಹೀನನೋ ಕೊನೆಯ ದಿನವೂ ಅಷ್ಟೇ. ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಮಾರ್ಗಿಟ್ ಎಂಬ ದೈತ್ಯ ಕೋಲು ಎತ್ತುತ್ತಾನೆ. ಎತ್ತಿದವನು ಹೊಡೆಯುವುದಿಲ್ಲ, ಹಾಗೇ ಹಿಡಿದು ನಿಲ್ಲುತ್ತಾನೆ. ಹೊಸಬ ಕೋಲು ಕಂಡೊಡನೆ ಉರುಳುತ್ತಾನೆ, ಏಳುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತದೆ. ದೊಣ್ಣೆ ಹಿಡಿದ ರೆಚ್ ಕದಲುವುದಿಲ್ಲ. ಕೋಲಿನ ತುದಿಯನ್ನೇ ನೋಡುತ್ತಾ, ಇನ್ನೊಂದು ಕ್ಷಣ, ಇನ್ನೂ ಅರ್ಧ ಕ್ಷಣ ಕಾಯುತ್ತಾನೆ.